ರಿಪೇರಿಗೆ ಬಂದ ವಿಮಾನವನ್ನು ಹಾರಿಸಿಕೊಂಡೇ ತರಬೇಕಾ?

ಪ್ರಶ್ನೆ (ಶಿರಸಿಯಿಂದ): ಸರ್, ನನ್ನ ತಮ್ಮನಿಗೆ ಪೈಲಟ್ ಲೈಸೆನ್ಸ್ ಇದೆ. ಮೂವರು ಸೇರಿ ಹಳೆಯ ಸೆಸ್ನಾ 152 (ಎರಡು ಸೀಟಿನ ಸಣ್ಣ ವಿಮಾನ) ಕೊಳ್ಳಬೇಕೆಂದಿದ್ದೇವೆ. ಕೊಂಕಣ ಕರಾವಳಿಯ ಏರ್‌ಸ್ಟ್ರಿಪ್ ಒಂದರಲ್ಲಿ ಎರಡು ಮಳೆಗಾಲದಿಂದ ಹೊರಗೇ ನಿಂತಿದೆ, ಕಾಗದಪತ್ರದ ಅವಧಿ ಮುಗಿದಿದೆ. ಫೆರ್ರಿ ಪರ್ಮಿಟ್ (ರಿಪೇರಿಯ ಜಾಗದವರೆಗೆ ಮಾತ್ರ ಹಾರಿಸಲು ಕೊಡುವ ವಿಶೇಷ ಅನುಮತಿ) ತಗೊಂಡು ಘಟ್ಟದ ಮೇಲಿನ ವರ್ಕ್‌ಶಾಪಿಗೆ ಹಾರಿಸಿಕೊಂಡು ಹೋಗಿ ಎನ್ನುತ್ತಾನೆ ಬ್ರೋಕರ್. ಎಂಜಿನ್ ಓಡುವ ವಿಡಿಯೊ ಕೂಡ ಕಳಿಸಿದ್ದಾನೆ.

ಉತ್ತರ: ಈ ವಿಡಿಯೊ ಕಥೆ ಕೇಳಿ ಕೇಳಿ ಸಾಕಾಗಿದೆ. ಹೆಸರು, ಊರು ಬದಲಾಗುತ್ತದೆ, ವಿಡಿಯೊ ಮಾತ್ರ ಅದೇ! ನಿಂತ ಎಂಜಿನ್ನನ್ನು ನೆಲದ ಮೇಲೆ ಐದು ನಿಮಿಷ ಓಡಿಸಿದರೆ ಏನೂ ಸಾಬೀತಾಗುವುದಿಲ್ಲ, ಉಲ್ಟಾ ಹಾಳೇ ಜಾಸ್ತಿ. ಆಯಿಲ್ ಸರಿಯಾಗಿ ಕಾಯುವುದಿಲ್ಲ, ಅದರಲ್ಲಿರುವ ನೀರಿನ ಅಂಶ ಹೋಗುವುದಿಲ್ಲ, ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಸೆಸ್ನಾ 152ರಲ್ಲಿರುವುದು ಲೈಕೋಮಿಂಗ್ ಎಂಜಿನ್. ಅದರ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಯುವ ದಂಡ, ಮೇಲ್ಭಾಗದಲ್ಲಿದೆ. ನಿಂತರೆ ಆಯಿಲ್ ಇಳಿದುಹೋಗಿ ಅದು ಒಣಗುತ್ತದೆ. ಸಮುದ್ರದ ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ ಅಂದರೆ ಸುಮ್ನೆ ಅಲ್ಲ. ಇದು ವಿಡಿಯೊದಲ್ಲಿ ಕಾಣುವುದಿಲ್ಲ ಸ್ವಾಮಿ.

ಪರ್ಮಿಟ್ ಕೊಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ. ವಿಮಾನ ನಿಯಮದ ಪ್ರಕಾರ ಹಾರಲು ಯೋಗ್ಯವಲ್ಲ, ಆದರೆ ರಿಪೇರಿಯ ಜಾಗದವರೆಗಿನ ಪ್ರಯಾಣವನ್ನು ಸುರಕ್ಷಿತವಾಗಿ ಮುಗಿಸಬಲ್ಲದು ಅಂತ ಲೈಸೆನ್ಸ್ ಇರುವ ಎಂಜಿನಿಯರ್ ಸ್ವತಃ ನೋಡಿ ಸಹಿ ಹಾಕಬೇಕು. ದೂರದಲ್ಲಿ ಕೂತು, ಫೋಟೊ ನೋಡಿ ಸಹಿ ಹಾಕುವವರೂ ಸಿಗುತ್ತಾರೆ ಎಂದು ಬ್ರೋಕರ್ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಮ್ಮ ಬಂದರಿನವರು ಆಗಸ್ಟ್‌ನಲ್ಲಿ ದೋಣಿ ನೀರಿಗಿಳಿಸುವ ಮೊದಲು ಹಲಗೆ ಹಲಗೆ ತಟ್ಟಿ ನೋಡುತ್ತಾರೆ, ನಿಮ್ಮ ಬ್ರೋಕರ್‌ಗೆ ಅಷ್ಟೂ ಬೇಡವಂತೆ.

ಎಂಜಿನಿಯರ್ ಬಂದರೆ ಇಂಧನದ ಟ್ಯಾಂಕಿನ ತಳದ ನೀರು, ಗಟ್ಟಿಯಾದ ರಬ್ಬರ್ ಹೋಸ್, ಕಂಟ್ರೋಲ್ ಕೇಬಲ್, ರೆಕ್ಕೆ ಬೋಲ್ಟಿನ ಸುತ್ತ ತುಕ್ಕು ಎಲ್ಲ ನೋಡಲಿ. ಪ್ರೊಪೆಲ್ಲರ್ ಯಾವತ್ತಾದರೂ ನೆಲಕ್ಕೆ ಬಡಿದಿತ್ತಾ ಅಂತ ಲಾಗ್‌ಬುಕ್ಕಿನಲ್ಲಿ ಹುಡುಕಲಿ. ವೇಗ ಅಳೆಯುವ ಪಿಟೋಟ್ ಕೊಳವೆಯನ್ನೂ ಮರೆಯಬೇಡಿ. ಅದಕ್ಕೆ ಕವರ್ ಹಾಕದಿದ್ದರೆ ಕಡಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಿರ್ಗೆನೇರ್ ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಮುಚ್ಚಿಹೋದ ಪಿಟೋಟ್ ಕೊಳವೆಯಿಂದ ಪೈಲಟ್‌ಗೆ ತಪ್ಪು ವೇಗ ಕಾಣುತ್ತಿತ್ತು, ಅನುಮಾನ ಹೋಗಿದ್ದು ಇಂಥದೇ ಹುಳುವಿನ ಗೂಡಿನ ಮೇಲೆ.

ಇನ್ನು ದಾರಿ. ಎಂಜಿನ್ ನಿಂತರೆ ಈ ಸೆಸ್ನಾ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ತೇಲಿಕೊಂಡು ಹೋದೀತು. ಕಾಳಿ ಕಣಿವೆಯ ಕಾಡಿನ ಮೇಲಾದರೆ ಇಳಿಯುವುದೆಲ್ಲಿ? ಹಾಗಾಗಿ ನನ್ನ ಸಲಹೆ, ನಿಮಗೆ ಇಷ್ಟವಾಗದಿರಬಹುದು: ಹಾರಿಸಬೇಡಿ. ರೆಕ್ಕೆ ಬಿಚ್ಚಿಸಿ, ಲಾರಿಯಲ್ಲಿ ತನ್ನಿ. ವಿಮಾನದ ಅಗಲ 33 ಅಡಿ, ಎರಡು ರೆಕ್ಕೆ ತೆಗೆದರೆ ಉಳಿಯುವುದು ಸಣ್ಣ ಮೈ. ಮರ್ಯಾದೆಗೆ ಕಮ್ಮಿ ಅನಿಸಿದರೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬನ್ನಿ. ಚಪಲ್ ಯುದ್ಧನೌಕೆಯ ಪಕ್ಕ ನಿಂತಿರುವ ನೌಕಾಪಡೆಯ ಟುಪೊಲೆವ್ 142 ವಿಮಾನ, ರೆಕ್ಕೆಯ ಅಗಲವೇ 50 ಮೀಟರ್, ಅದೂ ತಮಿಳುನಾಡಿನ ಅರಕ್ಕೋಣಂನಿಂದ ಬಿಚ್ಚಿದ ತುಂಡುಗಳಾಗಿ ರಸ್ತೆಯಲ್ಲೇ ಬಂದದ್ದು. ಬಿಚ್ಚುವುದು, ಜೋಡಿಸುವುದು ಎರಡನ್ನೂ ಎಂಜಿನಿಯರ್ ಕೈಯಲ್ಲೇ ಮಾಡಿಸಿ, ಗ್ಯಾರೇಜಿನ ಹುಡುಗರ ಕೈಯಲ್ಲಲ್ಲ. ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.

ಹಾರಿಸಿಯೇ ತೀರುತ್ತೇನೆ ಅನ್ನುವವರು ಇನ್ಶೂರೆನ್ಸ್ ಕಂಪನಿಯಿಂದ ಒಪ್ಪಿಗೆಯನ್ನು ಲಿಖಿತವಾಗಿ ತಗೊಳ್ಳಿ. ಹಗಲು, ತಿಳಿ ಆಕಾಶ, ಆ ವಿಮಾನವನ್ನು ಚೆನ್ನಾಗಿ ಬಲ್ಲ ಪೈಲಟ್. ತಮ್ಮನ ಹೊಸ ಲೈಸೆನ್ಸಿಗೆ ಇದು ಪಾಠಶಾಲೆ ಅಲ್ಲ.

ಪ್ರಶ್ನೆ (ಕುಮಟಾದಿಂದ): ಏವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಸಿಗದಿದ್ದರೆ ಬಂಕಿನ ಪೆಟ್ರೋಲ್ ಹಾಕಬಹುದಾ?

ಉತ್ತರ: ಬೇಡ. ಅದರಲ್ಲಿ ಎಥನಾಲ್ ಇದೆ, ಹಳೆಯ ರಬ್ಬರ್ ಸೀಲುಗಳನ್ನು ತಿನ್ನುತ್ತದೆ.

ಪ್ರಶ್ನೆ (ಅಂಕೋಲಾದಿಂದ): ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದಮೇಲೆ ನಮ್ಮ ವಿಮಾನ ಅಲ್ಲೇ ಇಡಬಹುದಲ್ವಾ?

ಉತ್ತರ: ಮೊದಲು ಅದು ಆಗಲಿ.

ಪ್ರಶ್ನೆ (ಹೊನ್ನಾವರದಿಂದ): ಫೆರ್ರಿ ಹಾರಾಟದಲ್ಲಿ ಮಾಲೀಕನಾಗಿ ನಾನೂ ಕೂತು ಬರಬಹುದಾ?

ಉತ್ತರ: ಇಲ್ಲ. ಹಾರಿಸಲು ಬೇಕಾದವರು ಮಾತ್ರ. ನೀವು ಬಸ್ಸಿಗೆ ಬನ್ನಿ.