ಹಡಗಿನ ಕೋಣೆಗೆ ಬಾಲ್ಕನಿ ಬೇಕಾ?

ಓದುಗರ ಪ್ರಶ್ನೆ: ಪ್ರವಾಸ

ಪ್ರಶ್ನೆ: ನಾನು, ನನ್ನ ಗಂಡ, 8 ವರ್ಷದ ಮಗಳು ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದೇವೆ. ಜೂನ್‌ನಲ್ಲಿ ದಾವಣಗೆರೆಯಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 71, ಅಮ್ಮನಿಗೆ 66. ಎಲ್ಲರೂ ಸೇರಿ ಸಿಯಾಟಲ್‌ನಿಂದ ಏಳು ರಾತ್ರಿಯ ಅಲಾಸ್ಕಾ ಕ್ರೂಸ್ ಹೋಗೋಣ ಅಂದುಕೊಂಡಿದ್ದೇವೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ಗಿಂತ ಬಾಲ್ಕನಿ ಕ್ಯಾಬಿನ್‌ಗೆ ತಲೆಗೆ 480 ಡಾಲರ್ ಜಾಸ್ತಿ. ಐದು ಜನಕ್ಕೆ 2,400 ಡಾಲರ್! "ರೂಮಲ್ಲಿ ಯಾರು ಕೂರ್ತಾರೆ, ಮಲಗೋಕೆ ತಾನೆ?" ಅನ್ನುತ್ತಾರೆ ನನ್ನ ಗಂಡ. ಅಪ್ಪ ಫೋನಲ್ಲೇ "ಕಿಟಕಿ ಇಲ್ಲದ ಕೋಣೇಲಿ ನಾನಿರಲ್ಲ" ಅಂದುಬಿಟ್ಟಿದ್ದಾರೆ. ಅಮ್ಮನಿಗೆ ಬಸ್ಸಲ್ಲೂ ವಾಕರಿಕೆ ಬರುತ್ತದೆ. ಏನು ಮಾಡಲಿ?

ಓದುಗರು, ಬೆಲ್‌ವ್ಯೂ

ಉತ್ತರ: ನಿಮ್ಮ ಯಜಮಾನರು ಹೇಳೋದೂ ಸರಿ, ನಿಮ್ಮ ತಂದೆ ಹೇಳೋದೂ ಸರಿ. ಅದಕ್ಕೇ ಐದೂ ಜನಕ್ಕೆ ಒಂದೇ ಥರದ ರೂಮು ಹಿಡಿಯಬೇಡಿ. ಅಪ್ಪ, ಅಮ್ಮನಿಗೆ ಬಾಲ್ಕನಿ ಇರಲಿ. ಓಣಿಯ ಈಚೆ ಬದಿ, ಅವರ ಬಾಗಿಲಿಗೆ ಎದುರಾಗಿ, ನಿಮ್ಮ ಮೂವರಿಗೆ ಒಳಗಿನ ಕ್ಯಾಬಿನ್ ಸಾಕು. 2,400 ಇದ್ದದ್ದು 960ಕ್ಕೆ ಇಳಿಯಿತು. ಮಧ್ಯಾಹ್ನ ನಿಮಗೂ ಹೊರಗೆ ಕೂರಬೇಕು ಅನ್ನಿಸಿದರೆ ಅವರ ಬಾಗಿಲು ತಟ್ಟಿ. ಮಗಳು ಹೇಗೂ ಅಜ್ಜಿ ರೂಮಲ್ಲೇ ಇರುತ್ತಾಳೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, ನಾನು ಎರಡನ್ನೂ ಅನುಭವಿಸಿದ್ದೇನೆ. ಬ್ಯಾಂಕಿನಲ್ಲಿ 33 ವರ್ಷ ಲೆಕ್ಕ ಬರೆದ ಕೈ ನನ್ನದು. ಪ್ರವಾಸಕ್ಕೆ ಹೋದರೂ ಡೈರಿ ಬಿಡುವುದಿಲ್ಲ.

ಮೊದಲನೆಯದು ಸಿಂಗಪುರದಿಂದ ನಾಲ್ಕು ರಾತ್ರಿ. ಒಳಗಿನ ಕ್ಯಾಬಿನ್. ಚೊಕ್ಕಟವಾಗಿಯೇ ಇತ್ತು, ಆದರೆ ದೀಪ ಆರಿಸಿದರೆ ಗವ್ವೆನ್ನುವ ಕತ್ತಲು. ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಎರಡನೇ ದಿನ ನಮ್ಮವರು ಎದ್ದು ಶೇವ್ ಮಾಡಿ, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು "ಏಳೇ, ಕಾಫಿಗೆ ಹೋಗೋಣ" ಅಂದರು. ಗಡಿಯಾರ ನೋಡಿದರೆ ರಾತ್ರಿ ಎರಡೂ ಹತ್ತು! ಆಮೇಲೆ ಒಂದು ಉಪಾಯ ಕಂಡುಕೊಂಡೆವು. ಹಡಗಿನ ಮುಂಭಾಗದ ಕ್ಯಾಮೆರಾ ಚಿತ್ರ ತೋರಿಸುವ ಒಂದು ಚಾನೆಲ್ ಟೀವಿಯಲ್ಲಿತ್ತು. ಅದನ್ನು ಹಾಕಿ, ದನಿ ಅಡಗಿಸಿ ಮಲಗುತ್ತಿದ್ದೆವು. ಬೆಳಗಾದಾಗ ಟೀವಿಯಲ್ಲೂ ಬೆಳಗಾಗುತ್ತಿತ್ತು. ನೀವು ಮೂವರೂ ಹಾಗೇ ಮಾಡಬಹುದು.

ಎರಡನೆಯದು 2018ರ ಜೂನ್‌ನಲ್ಲಿ, ಮಗ, ಸೊಸೆ, ನಾದಿನಿ ಜೊತೆ ಅಲಾಸ್ಕಾ. ಕೆನಡಾದ ವ್ಯಾಂಕೂವರ್‌ನಿಂದ ಹೊರಟಿದ್ದೆವು. ನಮ್ಮ ರೂಮಿಗೂ ಮಗ, ಸೊಸೆ ರೂಮಿಗೂ ಬಾಲ್ಕನಿ. ನನ್ನ ಡೈರಿ ಪ್ರಕಾರ ಏಳು ದಿನದಲ್ಲಿ ನಮ್ಮವರು ಬಾಲ್ಕನಿಯಲ್ಲಿ ಕೂತದ್ದು 26 ಗಂಟೆ. ನಾನು 11. ಮಗ, ಸೊಸೆ ಅವರ ಬಾಲ್ಕನಿಯಲ್ಲಿ ಇದ್ದದ್ದು ಸುಮಾರು 2 ಗಂಟೆ, ಅದರಲ್ಲೂ ಅರ್ಧ ಹೊತ್ತು ಮಗ ಫೋನಲ್ಲಿದ್ದ. ಅವರು ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಇದರ ಹಿಂದೆ ಇರುವುದು ಸುಲಭದ ಲೆಕ್ಕ. ಜುನೌ, ಸ್ಕ್ಯಾಗ್‌ವೇ, ಕೆಚಿಕನ್ ಊರುಗಳಲ್ಲಿ ಹಡಗು ಕಟ್ಟೆಗೆ ನಿಂತ ದಿನ ಚಿಕ್ಕ ವಯಸ್ಸಿನವರೆಲ್ಲ ಬೆಳಗ್ಗೆ ಇಳಿದರೆ ಹತ್ತುವುದು ಸಂಜೆಯೇ. ಆಗ ನಿಮ್ಮ ಬಾಲ್ಕನಿಗೆ ಕಾಣುವುದು ಒಂದೋ ಗೋದಾಮು, ಇಲ್ಲವೇ ಪಕ್ಕದ ಹಡಗಿನ ಬಾಲ್ಕನಿಯಲ್ಲಿ ನಿಮ್ಮನ್ನೇ ನೋಡುತ್ತಿರುವ ಇನ್ನೊಬ್ಬರು. ರಾತ್ರಿ ಊಟ, ನಾಟಕ, ಕುಣಿತ ಅಂತ ಹೊತ್ತು ಹೋಗುತ್ತದೆ. ಬಾಲ್ಕನಿಗೆ ಉಳಿಯುವುದು ಹಡಗು ಚಲಿಸುತ್ತಿರುವ ದಿನಗಳು ಮತ್ತು ಬೆಳಗಿನ ಜಾವ. ಆ ಬೆಳಗಿನ ಜಾವ ಎದ್ದಿರುವವರು ಯಾರು? ನಿಮ್ಮ ಅಪ್ಪ. ದಾವಣಗೆರೆಯಲ್ಲಿ ಐದಕ್ಕೆ ಏಳುವವರು ಅಲ್ಲಿ ಜೆಟ್‌ಲ್ಯಾಗ್ ಸೇರಿ ಮೂರೂವರೆಗೇ ಎದ್ದು ಕೂರುತ್ತಾರೆ. ಜೂನ್‌ನಲ್ಲಿ ಜುನೌ ಕಡೆ ನಾಲ್ಕಕ್ಕೆಲ್ಲ ಬೆಳಕು. ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ.

ನಮ್ಮವರದ್ದೂ ಅದೇ ಕಥೆ. ಮಂಕಿ ಕ್ಯಾಪು, ಶಾಲು, ಮೇಲೆ ಹಡಗಿನವರ ಕಂಬಳಿ, ಕೈಯಲ್ಲಿ ಹಿಂದಿನ ರಾತ್ರಿ ಫ್ಲಾಸ್ಕಿಗೆ ತುಂಬಿಸಿಟ್ಟ ಬಿಸಿನೀರಿನ ಇನ್‌ಸ್ಟಂಟ್ ಕಾಫಿ. ಮೂರನೇ ಬೆಳಗ್ಗೆ ಬಾಲ್ಕನಿ ಬಾಗಿಲು ಸರಿಸಿ ಪಿಸುಗುಟ್ಟಿದರು, "ಅಲ್ನೋಡೇ, ನೀರಿನ ಮೇಲೆ ಯಾರೋ ಒಲೆ ಹಚ್ಚಿದ್ದಾರೆ." ನೋಡಿದರೆ ಬೂದು ನೀರಿನ ಮೇಲೆ ಒಂದೆಳೆ ಬಿಳಿ ಹೊಗೆ. ಇನ್ನೊಂದು ಚೂರು ಆಚೆ ಮತ್ತೊಂದು. ಹೊಗೆ ಅಲ್ಲ, ತಿಮಿಂಗಿಲ ಬಿಟ್ಟ ಉಸಿರು. ಚಳಿಗಾಲದಲ್ಲಿ ಹವಾಯಿ ಕಡೆ ಇರುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಗೆ ಮೇಯಲು ಇಲ್ಲಿಗೆ ಬರುತ್ತವೆ. ಎಮ್ಮೆ ಕೆರೆಯಲ್ಲಿ ಬೆನ್ನು ತೋರಿಸುವ ಹಾಗೆ ಕರೀ ಬೆನ್ನು ಮೇಲೆ ಬಂತು, ಬಾಗಿತು. ಕೊನೆಗೆ ಬಾಲ ನಿಧಾನಕ್ಕೆ ಎದ್ದು ಒಳಗೆ ಹೋಯಿತು. ಆ ಹೊತ್ತಲ್ಲಿ ಕ್ಯಾಪ್ಟನ್ ಮೈಕಿನಲ್ಲಿ ಏನೂ ಹೇಳಲಿಲ್ಲ. ಸ್ವೆಟರ್ ಹುಡುಕಿ, ಲಿಫ್ಟ್ ಹಿಡಿದು, ಡೆಕ್ಕಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನಮ್ಮವರ ಮಂಡಿಗಂತೂ ಅದು ಆಗದ ಮಾತು.

ಆದರೆ ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಹಿಮನದಿ ನೋಡಲು ಬಾಲ್ಕನಿ ಬೇಕು ಅಂತ ಜಾಹೀರಾತಲ್ಲಿ ಚಂದದ ಫೋಟೋ ಹಾಕುತ್ತಾರೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ. ಒಳಗೆ ಹೋಗುವಾಗ ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ಮೈಕಿನಲ್ಲಿ ವಿವರಿಸುತ್ತಾರೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಧಾನವಾಗಿ ತಿರುಗುತ್ತದೆ, ಎರಡೂ ಬದಿಯವರಿಗೆ ಸರದಿ ಬರುತ್ತದೆ. ಆದರೂ ಬಾಲ್ಕನಿಯಲ್ಲಿ ಒಂದೇ ಕಡೆ ಕಾಣುತ್ತದೆ. ಮೇಲಿನ ಡೆಕ್ಕಲ್ಲಿ ಸುತ್ತಲೂ. ಆ ದಿನ ನಾನು ನಮ್ಮವರನ್ನು ಬಲವಂತವಾಗಿ ಮೇಲೆ ಎಳೆದುಕೊಂಡು ಹೋದೆ. ಮನೆಯಷ್ಟು ದೊಡ್ಡ ಮಂಜಿನ ತುಂಡು ಸದ್ದಿಲ್ಲದೆ ಜಾರಿ ಬಿತ್ತು. ನೀರು ಎದ್ದಿತು. ಆಮೇಲೆ ಬಂತು ಸದ್ದು, ಗುಡುಗಿನ ಹಾಗೆ. ಚಿಕ್ಕವಳಿದ್ದಾಗ ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡುತ್ತಿದ್ದೆ. ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಒಂದು ಗಳಿಗೆ ಬಿಟ್ಟು ಏಟು ಕೇಳುತ್ತಿತ್ತು. ಅದೇ. ಆವತ್ತು ನಮ್ಮ ಬಾಲ್ಕನಿ ಖಾಲಿಯಾಗಿಯೇ ಇತ್ತು. ಎಲ್ಲ ಹಡಗುಗಳೂ ಗ್ಲೇಸಿಯರ್ ಬೇಗೆ ಹೋಗುವುದಿಲ್ಲ, ಕೆಲವು ಹಬರ್ಡ್ ಹಿಮನದಿಗೋ ಎಂಡಿಕಾಟ್ ಆರ್ಮ್ ಅನ್ನುವ ಕಡಲ ಕವಲಿಗೋ ಹೋಗುತ್ತವೆ. ನಿಮ್ಮದು ಎಲ್ಲಿಗೆ ಅಂತ ಮೊದಲು ನೋಡಿ. ಬಾಲ್ಕನಿಗಿಂತ ಅದು ಮುಖ್ಯ.

ದಾರಿಯ ವಿಷಯವೂ ಇದೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಡೆಯಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಒಂದಿಡೀ ದಿನ ಬರೀ ನೀರು, ಗಾಳಿ, ಅಲ್ಲಾಟ. ವ್ಯಾಂಕೂವರ್ ಊರಿನಿಂದ ಹೊರಟವು ದ್ವೀಪಕ್ಕೂ ನೆಲಕ್ಕೂ ನಡುವಿನ ಇನ್‌ಸೈಡ್ ಪ್ಯಾಸೇಜ್ ಹಿಡಿಯುತ್ತವೆ. ಎರಡೂ ಕಡೆ ಕಾಡು, ನೀರು ಬಹುಪಾಲು ಶಾಂತ. ಬೆಲ್‌ವ್ಯೂನಿಂದ ವ್ಯಾಂಕೂವರ್‌ಗೆ ಕಾರಲ್ಲಿ ಮೂರು ಗಂಟೆ, ಗಡಿಯಲ್ಲಿ ಕಾಯುವುದು ಬೇರೆ. ನಿಮ್ಮ ಅಮ್ಮನ ಹೊಟ್ಟೆಯ ದೃಷ್ಟಿಯಿಂದ ನಾನಾದರೆ ವ್ಯಾಂಕೂವರ್ ಅನ್ನುತ್ತೇನೆ. ಕೊಟ್ಟ 960 ಡಾಲರ್‌ಗೆ ಬಾಲ್ಕನಿಯಿಂದ ಕಾಣುವುದೂ ಅಲ್ಲೇ ಜಾಸ್ತಿ.

ಎಲ್ಲಿಂದ ಹೋದರೂ ಅಪ್ಪ, ಅಮ್ಮನಿಗೆ ಕೆನಡಾ ವೀಸಾ ಬೇಕು. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲೇ ಬಹಳ ಜನ ಎಡವುವುದು. ಅಮೆರಿಕದಲ್ಲಿ 1886ರಿಂದ ಒಂದು ಕಾನೂನಿದೆ. ವಿದೇಶಿ ಹಡಗು ಅಮೆರಿಕದ ಬಂದರಿನಿಂದ ಜನರನ್ನು ಹತ್ತಿಸಿ, ಹೊರದೇಶದ ಬಂದರು ಮುಟ್ಟದೆ ಸುತ್ತಾಡಿಸಿ ತಂದು ಇಳಿಸುವ ಹಾಗಿಲ್ಲ. ಅದಕ್ಕೇ ಸಿಯಾಟಲ್ ಹಡಗುಗಳು ಸಾಮಾನ್ಯವಾಗಿ ಕೊನೇ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಾಲ್ಕಾರು ಗಂಟೆ ನಿಲ್ಲುವುದು. ಅಪ್ಪ, ಅಮ್ಮ ಅಲ್ಲಿ ಇಳಿಯದೇ ರೂಮಲ್ಲೇ ಕೂತರೂ ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಅಮೆರಿಕದ ವೀಸಾ ಪದೇಪದೇ ಒಳಗೆ ಬರಬಹುದಾದ ಥರದ್ದಾ ಅಂತಲೂ ನೋಡಿಕೊಳ್ಳಿ. ನಿಮ್ಮ ಪಾಸ್‌ಪೋರ್ಟೂ ಭಾರತದ್ದೇ ಆಗಿ, ಗ್ರೀನ್ ಕಾರ್ಡ್ ಇಲ್ಲದಿದ್ದರೆ ನಿಮಗೂ ಇದೇ ಮಾತು. ವೀಸಾ ಕೈಗೆ ಬರುವವರೆಗೆ ವಾಪಸ್ ಸಿಗದ ದುಡ್ಡು ಕಟ್ಟಬೇಡಿ.

ಇನ್ನು ಯಾವ ಬಾಲ್ಕನಿ? ಹಡಗಿನ ನಡುಭಾಗ, ಆದಷ್ಟು ಕೆಳಗಿನ ಡೆಕ್, ಅಂದರೆ ಅಂತಸ್ತು. ತೊಟ್ಟಿಲು ತೂಗಿದಾಗ ತುದಿಗಳು ಜಾಸ್ತಿ ಏಳುತ್ತವೆ, ನಡುವೆ ಕಡಿಮೆ ಅಲ್ವಾ, ಹಾಗೆ. ಆದರೆ ಕೆಳಗಿನ ಡೆಕ್ ಹಿಡಿಯುವಾಗ ಲೈಫ್‌ಬೋಟ್ ಎಲ್ಲಿ ತೂಗಿದೆ ನೋಡಿ. ನಮ್ಮ ಜೊತೆ ಬಂದ ನಾದಿನಿಗೆ ಇಲ್ಲಿನ ಒಬ್ಬ ಏಜೆಂಟ್ "ಬಾಲ್ಕನಿ ಮೇಡಂ, ಒಳ್ಳೇ ರೇಟು" ಅಂತ ಹೇಳಿ ಕೊಟ್ಟಿದ್ದ. ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಲೈಫ್‌ಬೋಟಿನ ಬೆನ್ನು! ಸಮುದ್ರ ಬೇಕೆಂದರೆ ಮುಂದಕ್ಕೆ ಬಾಗಿ, ಕತ್ತು ಎಡಕ್ಕೆ ತಿರುಗಿಸಬೇಕು. ಹಿಮನದಿಯ ದಿನ ಬಿಟ್ಟರೆ ಅವಳು ನಮ್ಮ ಬಾಲ್ಕನಿಗೇ ಬರುತ್ತಿದ್ದಳು. ಇಂಥದಕ್ಕೆ "ಅಬ್‌ಸ್ಟ್ರಕ್ಟೆಡ್ ವ್ಯೂ" ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. "ಗ್ಯಾರಂಟಿ" ಅಂತ ಅಗ್ಗಕ್ಕೆ ಕೊಟ್ಟರೂ ಬೇಡ. ರೂಮಿನ ನಂಬರನ್ನು ಅವರೇ ಆರಿಸುತ್ತಾರೆ, ನೀವಂದುಕೊಂಡ ಎದುರುಬದುರು ಕ್ಯಾಬಿನ್ ಸಿಗುವುದಿಲ್ಲ. ತಲೆ ಮೇಲಿನ ಡೆಕ್ಕಲ್ಲಿ ಬಫೆ ಹಾಲೋ ಈಜುಕೊಳವೋ ಇದ್ದರೆ ಬೆಳಗ್ಗೆ ಕುರ್ಚಿ ಎಳೆಯುವ ಸದ್ದು. ಮೇಲೂ ಕೆಳಗೂ ಬರೀ ಕ್ಯಾಬಿನ್ ಇರುವ ಡೆಕ್ ಹಿಡಿಯಿರಿ.

ಬಾಲ್ಕನಿ ಅಂದರೆ ಊರಿನ ಮನೆಯ ಜಗುಲಿ ಅಂದುಕೊಳ್ಳಬೇಡಿ. ಎರಡು ಕುರ್ಚಿ, ಒಂದು ಪುಟ್ಟ ಮೇಜು, ಅಷ್ಟೇ. ಅಲ್ಲಿ ಬಟ್ಟೆ ಒಣಹಾಕುವ ಹಾಗಿಲ್ಲ. ನಮ್ಮವರು ಪಂಚೆಯನ್ನು ಕಂಬಿಗೆ ಕಟ್ಟಿ ಹತ್ತು ನಿಮಿಷ ಆಗಿರಲಿಲ್ಲ, ರೂಮು ನೋಡಿಕೊಳ್ಳುವ ಹುಡುಗ ನಗುತ್ತಲೇ ಬಂದು ಬಿಚ್ಚಿಸಿದ. ಊದುಬತ್ತಿ, ದೀಪ, ಕೆಟಲ್, ರೈಸ್ ಕುಕ್ಕರ್ ಯಾವುದನ್ನೂ ಹಡಗಿಗೆ ತರುವ ಹಾಗಿಲ್ಲ. ಅಮ್ಮನಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ ಹತ್ತುವಾಗ ಬ್ಯಾಗಿನಿಂದ ತೆಗೆಸುತ್ತಾರೆ. ಅಂಗಡಿಯ ಸೀಲ್ ಒಡೆಯದ ಚಕ್ಕುಲಿ, ಕೋಡುಬಳೆ ಪೊಟ್ಟಣ ಸಾಮಾನ್ಯವಾಗಿ ಬಿಡುತ್ತಾರೆ. ಫ್ಲಾಸ್ಕ್ ಮರೆಯಬೇಡಿ. ಮಗಳು ಇರುವಾಗ ಬಾಲ್ಕನಿಯ ಕುರ್ಚಿ ಕಂಬಿ ಪಕ್ಕ ಬೇಡ, ಬಾಗಿಲಿನ ಮೇಲಿನ ಚಿಲಕ ಹಾಕಿರಲಿ.

ಅಮ್ಮನಿಗೆ ವಾಕರಿಕೆ ತೀರಾ ಜಾಸ್ತಿ ಅಂದರೆ ಬಾಲ್ಕನಿಯನ್ನೇ ಬಿಟ್ಟು, ಇನ್ನೂ ಕೆಳಗಿನ ಡೆಕ್ಕಲ್ಲಿ ನಡುಭಾಗದ ಕಿಟಕಿ ಕ್ಯಾಬಿನ್ ಹಿಡಿಯಿರಿ. ಕಿಟಕಿ ತೆರೆಯುವುದಿಲ್ಲ, ಆದರೆ ಬೆಳಕು ಬರುತ್ತದೆ, ಅಪ್ಪನ ಮಾತೂ ಉಳಿಯುತ್ತದೆ, ದುಡ್ಡೂ ಕಡಿಮೆ. ವಾಕರಿಕೆಗೆ ಮಾತ್ರೆ ಬೇಕಾದರೆ ಊರಿನಲ್ಲೇ ಅವರ ಡಾಕ್ಟರನ್ನು ಕೇಳಿ ತರಲಿ. ನಾನಂತೂ ಒಣಶುಂಠಿ, ಬೆಲ್ಲ ಉಂಡೆ ಮಾಡಿ ಕೊಂಡೊಯ್ದಿದ್ದೆ. ಮನೆ ತಿಂಡಿ ತರುವ ಹಾಗಿಲ್ಲ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ, ಅವರಿಗೂ ಕಾಣಲಿಲ್ಲ.

ಛತ್ರಿ, ಜರ್ಕಿನ್ ಇರಲಿ. ಕೆಚಿಕನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಆಗುಂಬೆಯ ಅರ್ಧದಷ್ಟು. ಮಲೆನಾಡಿನವರಾಗಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ.

ಪ್ರಶ್ನೆ: ಮುಂಬೈನಿಂದ ಗೋವಾಕ್ಕೆ ಎರಡು ರಾತ್ರಿಯ ಕ್ರೂಸ್ ಬುಕ್ ಮಾಡುತ್ತಿದ್ದೇವೆ. ಮದುವೆಯಾಗಿ 25 ವರ್ಷ. ಬಾಲ್ಕನಿ ತಗೊಳ್ಳೋಣವೇ?

ಓದುಗರು, ಹುಬ್ಬಳ್ಳಿ

ಉತ್ತರ: ಬೇಡ್ರೀ. ಹಡಗು ಸಂಜೆ ಹೊರಡುತ್ತದೆ. ಮುಂಬೈನ ದೀಪಗಳು ದೂರ ಸರಿಯುವುದನ್ನು ಮೇಲಿನ ಡೆಕ್ಕಿನಿಂದ ನೋಡಬೇಕು, ಅಲ್ಲಿ ಜನ, ಹಾಡು, ಗಲಾಟೆ ಇರುತ್ತದೆ. ರಾತ್ರಿ ಸಮುದ್ರ ಬರೀ ಕಪ್ಪು. ಮಾರನೇ ದಿನ ನೀವು ಗೋವಾದಲ್ಲಿ ಇಳಿದಿರುತ್ತೀರಿ. ಬಾಲ್ಕನಿಗೆ ಸಿಗುವುದು ಎರಡು ಬೆಳಗ್ಗೆ ಮಾತ್ರ, ಅದರಲ್ಲಿ ಒಂದು ಬೆಳಗ್ಗೆ ಬ್ಯಾಗ್ ಕಟ್ಟುವುದರಲ್ಲೇ ಹೋಗುತ್ತದೆ. ಕಿಟಕಿ ಇರುವ ಕ್ಯಾಬಿನ್ ಧಾರಾಳ ಸಾಕು.

ಬೆಳ್ಳಿಹಬ್ಬ ಅಂದಿರಿ, ಅದಕ್ಕೊಂದು ಮಾತು. ಉಳಿದ ದುಡ್ಡಲ್ಲಿ ಗೋವಾದಲ್ಲಿ ಇಳಿದ ದಿನಕ್ಕೆ ಪೂರಾ ಒಂದು ಕಾರು ಮಾಡಿಕೊಳ್ಳಿ. ಮರ್ಮುಗೋವಾ ಬಂದರಿನಿಂದ ಹಳೇ ಗೋವಾ ಕಡೆ ಹೋಗಿ, ಮಧ್ಯಾಹ್ನ ಎಲ್ಲಾದರೂ ಮೀನೂಟ ಮಾಡಿ. ನೀವು ಮೀನು ತಿನ್ನದಿದ್ದರೆ ಬರೆದು ತಿಳಿಸಿ, ಬೇರೆ ಜಾಗ ಹೇಳುತ್ತೇನೆ. ಹಡಗು ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಬಂದರಿಗೆ ವಾಪಸ್ ಬನ್ನಿ. ನೀವು ಬರಲಿಲ್ಲ ಅಂತ ಅದು ಕಾಯುವುದಿಲ್ಲ.