ತಾರಾಗುಚ್ಛದ ಗಾಮಾ ಬೆಳಕಿನಿಂದ ಪಲ್ಸಾರ್‌ಗಳನ್ನು ಎಣಿಸಬಹುದಾ?

ಗೋಳಾಕಾರದ ತಾರಾಗುಚ್ಛದಿಂದ ಬರುವ ಒಟ್ಟು ಗಾಮಾ ಬೆಳಕನ್ನು ಒಂದು ಪಲ್ಸಾರ್‌ನ ಸರಾಸರಿ ಬೆಳಕಿನಿಂದ ಭಾಗಿಸಿದರೆ ಎಣಿಕೆ ಸಿಗುತ್ತಲ್ವಾ ಎಂದು ಕೇಳಿದ್ದೀರಿ. ಇಲ್ಲಿ ಗುಚ್ಛ ಅಂದರೆ ನಕ್ಷತ್ರಗಳ ದಟ್ಟ ಗುಂಪು, ಪಲ್ಸಾರ್ ಅಂದರೆ ವೇಗವಾಗಿ ತಿರುಗುತ್ತಾ ಮಿಡಿಯುವಂತೆ ಕಾಣುವ ಸತ್ತ ನಕ್ಷತ್ರದ ತಿರುಳು, ಗಾಮಾ ಅಂದರೆ ಅತಿ ಹೆಚ್ಚು ಶಕ್ತಿಯ ಬೆಳಕು. ಇಂಥ ಎಣಿಕೆಯ ಲೆಕ್ಕದ ಮಾದರಿ ಬರೆಯಲು ಕೂತಾಗ ನಾನೂ ಮೊದಲು ಮಾಡಿದ್ದು ಅದನ್ನೇ. ಅದನ್ನು ನಂಬುವ ಮುಂಚೆ ಎನ್‌ಜಿಸಿ 6624 ಗುಚ್ಛವನ್ನು ಒಮ್ಮೆ ನೋಡಿ. ಸರಾಸರಿ ಹಿಡಿದು ಭಾಗಿಸಿದರೆ ಅಲ್ಲಿ ಹತ್ತಾರು ಪಲ್ಸಾರ್ ಇರಬೇಕು ಅನ್ನಿಸುತ್ತದೆ. ಆದರೆ ಆ ಗಾಮಾ ಬೆಳಕಿನ ಹೆಚ್ಚುಕಡಿಮೆ ಎಲ್ಲವೂ ಒಂದೇ ಪಲ್ಸಾರ್‌ನದು ಎಂದು 2011ರಲ್ಲಿ ಫರ್ಮಿ ಎಂಬ ಗಾಮಾ ದೂರದರ್ಶಕದ ದತ್ತಾಂಶದಿಂದ ಗೊತ್ತಾಯಿತು. ಅದು 5.44 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ.

ಪಲ್ಸಾರ್ ತನ್ನ ತಿರುಗುವ ಶಕ್ತಿಯನ್ನೇ ಖರ್ಚು ಮಾಡಿ ಬೆಳಗುತ್ತದೆ. ಹಾಗಾಗಿ ಅದರ ಸುತ್ತು ಎಷ್ಟು ನಿಧಾನವಾಗುತ್ತಿದೆ ಎಂದು ಅಳೆದರೆ ಶಕ್ತಿ ಗೊತ್ತಾಗುತ್ತದೆ. ಅದರಲ್ಲಿ ಶೇಕಡಾ 10ರ ಆಸುಪಾಸು ಗಾಮಾ ಆಗುತ್ತದೆ ಎಂದು ಹಿಡಿಯುವುದು ರೂಢಿ. ಗುಚ್ಛದಲ್ಲಿ ಈ ಅಳತೆಯೇ ಕೈಕೊಡುತ್ತದೆ. ಅಲ್ಲಿ ನಕ್ಷತ್ರಗಳ ದಟ್ಟಣೆ ಜಾಸ್ತಿ. ಅವುಗಳ ಸೆಳೆತಕ್ಕೆ ಪಲ್ಸಾರ್‌ನ ವೇಗ ಬದಲಾಗುತ್ತಿರುತ್ತದೆ, ಡಾಪ್ಲರ್ ಪರಿಣಾಮದಿಂದ (ಹತ್ತಿರ ಬರುವ ಇಲ್ಲವೇ ದೂರ ಹೋಗುವ ವಸ್ತುವಿನ ಮಿಡಿತ ಬದಲಾದಂತೆ ಕಾಣುವುದು) ಅದೂ ನಮ್ಮ ಅಳತೆಯೊಳಗೆ ಸೇರಿಕೊಳ್ಳುತ್ತದೆ. 47 ಟುಕಾನೆ ಎಂಬ ಗುಚ್ಛದಲ್ಲಿ ಎಷ್ಟೋ ಪಲ್ಸಾರ್‌ಗಳು ನಿಧಾನವಾಗುವ ಬದಲು ಚುರುಕಾಗುತ್ತಿರುವಂತೆ ಕಾಣುತ್ತವೆ! ಜೋಡಿ ನಕ್ಷತ್ರ ಇರುವ ಪಲ್ಸಾರ್ ಆದರೆ ನಮಗೆ ಅನುಕೂಲ. ಅದೇ ಸೆಳೆತ ಕಕ್ಷೆಯ ಅವಧಿಯಲ್ಲೂ ಕಾಣಿಸುತ್ತದೆ, ಅದನ್ನು ಅಳೆದು ಕಳೆಯಬಹುದು. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಉಪಾಯ ಇದು.

ಜೋಡಿ ಇಲ್ಲದ ಉಳಿದ ಪಲ್ಸಾರ್‌ಗಳಿಗೆ, ಗುಚ್ಛದ ಹೊರಗಿರುವ ಮಿಲಿಸೆಕೆಂಡ್ ಪಲ್ಸಾರ್‌ಗಳ (ಕೆಲವೇ ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುವವು) ಹಂಚಿಕೆಯಿಂದ ಶಕ್ತಿಯ ಬೆಲೆಗಳನ್ನು ಆರಿಸಿಕೊಳ್ಳಿ. ಒಂದೇ ಸರಾಸರಿ ಬೇಡ. ಸಾವಿರಾರು ಸಲ ಆರಿಸಿ, ಪ್ರತಿ ಸಲವೂ ಬೆಳಕನ್ನು ಕೂಡಿ, ಗುಚ್ಛದಿಂದ ಅಳೆದ ಗಾಮಾ ಬೆಳಕಿಗೆ ಹೊಂದುವ ಎಣಿಕೆಗಳ ಹರವನ್ನು ಬರೆದಿಡಿ. ಆಗ ಒಂದೇ ಪ್ರಖರ ಪಲ್ಸಾರ್ ಇರುವ ಸಾಧ್ಯತೆಯೂ ಲೆಕ್ಕಕ್ಕೆ ಬರುತ್ತದೆ.

ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿಯ, ಟೆರಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟದ ಗಾಮಾ ಕಿರಣಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪಲ್ಸಾರ್‌ನಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ನಕ್ಷತ್ರಗಳ ಬೆಳಕಿಗೆ ಡಿಕ್ಕಿ ಹೊಡೆದು ಅವು ಹುಟ್ಟುತ್ತವೆ ಎಂಬುದು ಒಂದು ವಿವರಣೆ. ಆದರೆ ಎಚ್.ಇ.ಎಸ್.ಎಸ್. ದೂರದರ್ಶಕಗಳು ಟರ್ಜಾನ್ 5 ಎಂಬ ಗುಚ್ಛದ ಬಳಿ ಕಂಡ ಇಂಥ ಕಿರಣಗಳ ಮೂಲವು ಆ ಗುಚ್ಛದ ನಡುವಿನಿಂದ ಸ್ವಲ್ಪ ಪಕ್ಕಕ್ಕಿದೆ, ಹಾಗಾಗಿ ಆ ವಿವರಣೆ ಖಚಿತವಲ್ಲ.

ಮೊದಲ ಪರೀಕ್ಷೆಗೆ 47 ಟುಕಾನೆಯನ್ನೇ ತೆಗೆದುಕೊಳ್ಳಿ. ರೇಡಿಯೋದಲ್ಲಿ ಅಲ್ಲಿ ಈಗಾಗಲೇ 40ರ ಹತ್ತಿರ ಪಲ್ಸಾರ್ ಸಿಕ್ಕಿವೆ. ನಿಮ್ಮ ಹರವು ಪೂರ್ತಿ ಅದಕ್ಕಿಂತ ಕೆಳಗೆ ಬಿದ್ದರೆ, ನಾನಾದರೆ ಮೊದಲು ಗಾಮಾ ಆಗುವ ಆ ಶೇಕಡಾ 10ನ್ನು ಇಳಿಸಿ ನೋಡುತ್ತೇನೆ, ಆಗ ಒಂದೊಂದು ಪಲ್ಸಾರ್‌ನ ಬೆಳಕು ಕಡಿಮೆಯಾಗಿ ಎಣಿಕೆ ಏರುತ್ತದೆ.