ಕುಕ್ಕರ್ ಕೂಗಿನ ನಡುವೆ ಕಲ್ಯಾಣಿ

ಸಂಗೀತ ಕೇಳುವ ಬಗೆಯ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಸಂಗೀತ ಬಳಗದ ಉತ್ತರ

ಪ್ರಶ್ನೆ: ಬೆಳಿಗ್ಗೆ ಅಡುಗೆ ಮಾಡುವಾಗ ಫೋನಿನಲ್ಲಿ ಕರ್ನಾಟಕ ಸಂಗೀತ ಹಾಕಿಡುತ್ತೇನೆ. ಎರಡು ವರ್ಷವಾಯಿತು. ಈಗಲೂ ಕಲ್ಯಾಣಿ ಯಾವುದು, ಶಂಕರಾಭರಣ ಯಾವುದು ಅಂತ ಗುರುತು ಸಿಗುವುದಿಲ್ಲ. ನನ್ನ ಕಿವಿಯೇ ಸರಿಯಿಲ್ಲವೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಕಿವಿಗೆ ಏನೂ ಆಗಿಲ್ಲ. ನಿಮಗೆ ಸಿಕ್ಕಿರುವ ಜೋಡಿಯೇ ಅಡುಗೆಮನೆಗೆ ಒಗ್ಗುವಂಥದ್ದಲ್ಲ. 29ನೇ ಮೇಳ (ಮೂಲ ರಾಗ) ಶಂಕರಾಭರಣಕ್ಕೂ 65ನೇ ಮೇಳ ಕಲ್ಯಾಣಿಗೂ ಸ್ವರದಲ್ಲಿ ವ್ಯತ್ಯಾಸ ಒಂದೇ, ಮಧ್ಯಮ (‘ಮ’). ಶಂಕರಾಭರಣದಲ್ಲಿ ಶುದ್ಧ (ಕೆಳಗಿನದು), ಕಲ್ಯಾಣಿಯಲ್ಲಿ ಪ್ರತಿ (ಮೇಲಿನದು); ಅಂತರ ಅರ್ಧ ಮನೆಯಷ್ಟು, ಹಾರ್ಮೋನಿಯಂನಲ್ಲಿ ಒಂದರ ಪಕ್ಕದ ಕೀ. ಅದು ತಿಳಿಯಬೇಕಾದರೆ ಷಡ್ಜ (‘ಸ’) ಕಿವಿಯಲ್ಲಿ ಗಟ್ಟಿಯಾಗಿ ಕೂತಿರಬೇಕು. ಕಲ್ಯಾಣಿ ಹಾಡುವವರೋ, ಬೇಕೆಂದೇ ಷಡ್ಜ ಪಂಚಮ ಬಿಟ್ಟು ‘ನಿ ರಿ ಗ ಮ ದ ನಿ’ ಎಂದು ಸುತ್ತಾಡುತ್ತಾರೆ. ಆಗ ಷಡ್ಜ ಎಲ್ಲಿದೆ ಎಂದು ಹೇಳುವುದು ತಂಬೂರಿಯೊಂದೇ.

ಅಡುಗೆಮನೆಯಲ್ಲಿ ಮೊದಲು ಮುಳುಗುವುದೂ ತಂಬೂರಿಯೇ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡು ದನಿಯ ಷಡ್ಜ ಸುಮಾರು 130 ಹರ್ಟ್ಜ್. ತಂಬೂರಿಯ ಮಂದ್ರದ ತಂತಿ ಅದರ ಅರ್ಧ, 65. ಫೋನಿನ ಪುಟಾಣಿ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ತ್ರಾಣವಿಲ್ಲ. ಮೇಲಿನ ಝೇಂಕಾರ ಒಂದಿಷ್ಟು ಬರುತ್ತದೆ, ಅದನ್ನು ಎಕ್ಸಾಸ್ಟ್ ಫ್ಯಾನೂ ಒಗ್ಗರಣೆಯೂ ನುಂಗಿಬಿಡುತ್ತವೆ. ಮೃದಂಗದ ಎಡಗೈ ಗುಮ್ಕಿಗೂ (ತಗ್ಗಿನ ನಾದಕ್ಕೂ) ಇದೇ ಗತಿ. ಸದ್ದು ಹೆಚ್ಚಲಿ ಎಂದು ಫೋನನ್ನು ಸ್ಟೀಲ್ ಪಾತ್ರೆಯೊಳಗೆ ಇಡುವವರಿದ್ದಾರೆ. ಇಡಬೇಡಿ. ಪಾತ್ರೆ ತಟ್ಟಿದರೆ ಬರುವ ಅದರದ್ದೇ ಒಂದು ದನಿ ಇದೆಯಲ್ಲ, ಹಾಡಿನಲ್ಲಿ ಅದಕ್ಕೆ ಹತ್ತಿರದ ಸ್ವರ ಬಂದಾಗಲೆಲ್ಲ ಅದೊಂದೇ ಉಬ್ಬಿ ಕೇಳುತ್ತದೆ.

ಒಂದು ವಾರ ಹೀಗೆ ಮಾಡಿ ನೋಡಿ. ದಿನಕ್ಕೆ ಕಾಲು ಗಂಟೆ ಸಾಕು, ಇಯರ್‌ಫೋನ್ ಇರಲಿ. ಮೊದಲ ಎರಡು ನಿಮಿಷ ಬರೀ ತಂಬೂರಿ (ಆ್ಯಪ್‌ನದ್ದಾದರೂ ಆಗುತ್ತದೆ). ಅದರ ಮೇಲೆ ಬಾಯಿ ಮುಚ್ಚಿ ಷಡ್ಜ, ಪಂಚಮ ಗುನುಗಿ. ಆಮೇಲೆ ಹತ್ತು ನಿಮಿಷದ ಒಂದು ಶಂಕರಾಭರಣದ ಆಲಾಪನೆ. ಕೃತಿ ಬೇಡ, ಸಾಹಿತ್ಯ ಬಂದರೆ ಕಿವಿ ಮಾತಿನ ಬೆನ್ನು ಹತ್ತುತ್ತದೆ. ಗಮನ ಇಡಬೇಕಾದದ್ದು ಮಧ್ಯಮದ ನೆರೆಯವರ ಮೇಲೆ: ಶಂಕರಾಭರಣದ ಮಧ್ಯಮ ಗಾಂಧಾರಕ್ಕೆ ಅಂಟಿಕೊಂಡಿರುತ್ತದೆ, ಕಲ್ಯಾಣಿಯದ್ದು ಪಂಚಮಕ್ಕೆ. ಮೊದಲ ಮೂರು ದಿನ ಅದೇ ಧ್ವನಿಮುದ್ರಣವನ್ನೇ ಕೇಳಿ, ನಾಲ್ಕನೆಯ ದಿನ ಕಲ್ಯಾಣಿಗೆ ಬನ್ನಿ. ದಿನಕ್ಕೊಂದು ರಾಗ ಅಂತ ಹೊರಟರೆ ಯಾವುದೂ ನಿಲ್ಲುವುದಿಲ್ಲ.

ವಾರ ಕಳೆದ ಮೇಲೆ ಅದೇ ಎರಡು ಧ್ವನಿಮುದ್ರಣಗಳನ್ನು ಅಡುಗೆಮನೆಗೆ ಒಯ್ಯಿರಿ. ಕುಕ್ಕರ್ ಕೂಗಿ ನಾಲ್ಕು ಸಂಚಾರ (ರಾಗದ ಸ್ವರಗುಚ್ಛ) ತಪ್ಪಿದರೂ ಐದನೆಯದು ಕಿವಿಗೆ ಬಿದ್ದಾಗ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಇಷ್ಟು ದಿನ ಆದದ್ದು ಇದರ ಉಲ್ಟಾ: ಗುರುತೇ ಇಲ್ಲದ್ದನ್ನು ಚೂರು ಚೂರಾಗಿ ಕೇಳುತ್ತಿದ್ದಿರಿ.

ಪ್ರಶ್ನೆ: ಕಛೇರಿಯಲ್ಲಿ ತಾಳ ಹಾಕುತ್ತ ಕೂತರೆ ರಾಗ ತಪ್ಪುತ್ತದೆ, ರಾಗ ಕೇಳುತ್ತ ಕೂತರೆ ತಾಳ ತಪ್ಪುತ್ತದೆ. ತಾಳ ಹಾಕಲೇಬೇಕೇ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಆಲಾಪನೆಯಲ್ಲಿ ತಾಳವೇ ಇಲ್ಲ, ಕೈ ಮಡಿಲಲ್ಲಿರಲಿ. ಕೃತಿಯಲ್ಲಿ ಹಾಕಿ, ಆದರೆ ಲೆಕ್ಕ ಬಾಯಲ್ಲಿ ಇರುವವರೆಗೂ ರಾಗ ತಪ್ಪುತ್ತಲೇ ಇರುತ್ತದೆ. ಅದು ಕೈಗೆ ಇಳಿಯಬೇಕು. ಆದಿತಾಳದ ಎಂಟು ಎಣಿಕೆಯನ್ನು (ಒಂದು ತಟ್ಟು, ಕಿರುಬೆರಳಿಂದ ಮೂರು ಬೆರಳು, ಆಮೇಲೆ ತಟ್ಟಿ ಮಗುಚುವುದು ಎರಡು ಸಲ) ಸಂಗೀತವಿಲ್ಲದೆ ಟಿ.ವಿ. ನೋಡುತ್ತಲೋ ಬಸ್ಸಿಗೆ ಕಾಯುತ್ತಲೋ ಹಾಕಿ ರೂಢಿ ಮಾಡಿ. ಬೇರೆ ಕೆಲಸದ ಜತೆ ಮಾಡಲೇಬೇಕಾದ ಅಭ್ಯಾಸ ಇದೊಂದೇ.

ಹೆಚ್ಚಿನವರು ಎಡವುವುದು ಎರಡು ಕಡೆ. ಎರಡು ಕಳೆಯ ಕೃತಿಯಲ್ಲಿ ಪ್ರತಿ ಕ್ರಿಯೆಯನ್ನೂ ಎರಡೆರಡು ಸಲ ಹಾಕಬೇಕು, ಅಂದರೆ ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 16. ಎಂಟರ ಲೆಕ್ಕ ಹಿಡಿದು ಕೂತವರು ಅಲ್ಲಿ ಕೈಬಿಡುತ್ತಾರೆ. ಇನ್ನೊಂದು ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ. ಪಲ್ಲವಿ ಸಮದಲ್ಲೇ (ಆವರ್ತದ ಮೊದಲ ಎಣಿಕೆಯಲ್ಲೇ) ಶುರುವಾಗಬೇಕೆಂಬ ನಿಯಮವಿಲ್ಲ. ಹಾಡು ಬಂದ ಜಾಗವನ್ನೇ ‘ಒಂದು’ ಅಂದುಕೊಂಡರೆ ಕೊನೆಯವರೆಗೂ ಅಡ್ಡದಾರಿ. ಸಂಶಯ ಬಂದರೆ ವೇದಿಕೆಯಲ್ಲಿ ಹಾಡುವವರ ತೊಡೆಯ ಮೇಲಿನ ಕೈ ನೋಡಿ. ಮಿಶ್ರಛಾಪುವಿಗೆ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಹಿಡಿಯಿರಿ. ಏಳರ ಎಣಿಕೆ, ತಕಿಟ ತಕಧಿಮಿ, ಮೂರು ಮತ್ತು ನಾಲ್ಕು. ಎಳವೆಯಿಂದ ಕೇಳಿದ ಹಾಡಾದ್ದರಿಂದ ರಾಗದ ಚಿಂತೆ ಇರುವುದಿಲ್ಲ.

ತನಿ ಆವರ್ತನದಲ್ಲಿ (ತಾಳವಾದ್ಯದವರಷ್ಟೇ ನುಡಿಸುವ ಭಾಗದಲ್ಲಿ) ಮಾತ್ರ ತಾಳ ಬಿಡಲೇಬೇಡಿ. ತನಿ ಶುರುವಾದ ಕೂಡಲೇ ಅರ್ಧ ಸಭೆ ಕಾಫಿಗೆ ಏಳುವುದಕ್ಕೆ ಕಾರಣ ಬೇಸರವಲ್ಲ, ಕೈಯಲ್ಲಿ ತಾಳ ಇಲ್ಲದಿರುವುದು. ಮೃದಂಗವೂ ಘಟವೂ ಸರದಿಯ ಉದ್ದವನ್ನು ಅರ್ಧರ್ಧ ಇಳಿಸುತ್ತ ಹೋಗಿ, ಕೊನೆಗೆ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸಿ ಎಡುಪಿಗೆ ಬಂದು ಬೀಳುತ್ತವೆ. ಎಣಿಸದವರಿಗೆ ಅದು ಬರೀ ಸದ್ದು.

ಪ್ರಶ್ನೆ: ದಿನಾ ಹುಬ್ಬಳ್ಳಿ–ಧಾರವಾಡ ಕಾರಿನ್ಯಾಗ ಓಡಾಡತೀನಿ. ಬಡಾ ಖ್ಯಾಲ್ ಹಚ್ಚಿದ್ರ ಅರ್ಧ ದಾರಿಗೇ ಬ್ಯಾಸರ. ಅದನ್ನ ಮನ್ಯಾಗ ಕೂತು ಕೇಳಿದ್ರ ಬ್ಯಾಸರ ಬರೂದಿಲ್ಲ. ಯಾಕ?
(ಓದುಗರೊಬ್ಬರು, ಧಾರವಾಡ)

ಉತ್ತರ: ಬಡಾ ಖ್ಯಾಲ್ ಹಿಂದೂಸ್ತಾನಿಯ ನಿಧಾನಗತಿಯ ಹಾಡಿಕೆ. ವಿಲಂಬಿತ (ನಿಧಾನದ) ಏಕತಾಲದ 12 ಮಾತ್ರೆ, ಮಾತ್ರೆಗೆ ಐದು ಸೆಕೆಂಡಿನಂತೆ ಹಿಡಿದರೂ ಆವರ್ತಕ್ಕೆ ಒಂದು ನಿಮಿಷ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಒಂದು ಕಿಲೋಮೀಟರ್ ದಾರಿ. ಅಷ್ಟರಲ್ಲಿ ಒಂದು ಸಿಗ್ನಲ್ಲು, ಒಂದು ಓವರ್‌ಟೇಕು, ಅಡ್ಡ ಬಂದ ಒಂದು ದನ. ನಿಮ್ಮ ಗಮನ ರಸ್ತೆಗೇ ಹೋಗಬೇಕು, ಹೋಗುತ್ತದೆ. ಸಮ್ (ಆವರ್ತದ ಮೊದಲ ಮಾತ್ರೆ) ಬರುವಾಗ ನೀವು ಅಲ್ಲಿರುವುದಿಲ್ಲ. ಸಮ್‌ಗೆ ಕಾಯುವುದು ತಪ್ಪಿತು ಅಂದರೆ ಬಡಾ ಖ್ಯಾಲಿನಲ್ಲಿ ಉಳಿಯುವುದು ಎಳೆತ ಅಷ್ಟೇ. ಜತೆಗೆ ಚಕ್ರದ ಗುಂಯ್‌ಗುಡುವ ಸದ್ದು ಡಗ್ಗವನ್ನೂ (ತಬಲಾ ಜೋಡಿಯ ಎಡಗೈಯದ್ದು) ತಾನ್‌ಪುರಾವನ್ನೂ ಮುಚ್ಚುತ್ತದೆ. ಅದಕ್ಕೆಂದು ವಾಲ್ಯೂಮ್ ಏರಿಸಿದರೆ ತಾರಸ್ಥಾಯಿಯ ತಾನ್ (ವೇಗದ ಸ್ವರಗಳ ಓಟ) ಬಂದಾಗ ಬೆಚ್ಚಿಬೀಳುತ್ತೀರಿ.

ಮನೆಯಲ್ಲಿ ಕೇಳುವಾಗ ತಬಲಾದ ‘ತಿರಕಿಟ’ ಹಿಡಿಯಿರಿ. ಏಕತಾಲದಲ್ಲಿ ಅದು 4ನೇ ಮತ್ತು 10ನೇ ಮಾತ್ರೆಯಲ್ಲಿ ಬರುತ್ತದೆ. ಹಿಂದೆಯೇ ‘ತೂ ನಾ’ ಬಂದರೆ ಇನ್ನೂ ದೂರವಿದೆ. ‘ಧಿನ್ ನಾ’ ಬಂದರೆ ಆ ಎರಡು ಮಾತ್ರೆ ಮುಗಿದದ್ದೇ ಸಮ್. ಕಾರಿಗೆ ದ್ರುತ್ (ವೇಗದ) ಬಂದಿಶ್, ವಚನ, ದಾಸರ ಪದ ಇಟ್ಟುಕೊಳ್ಳಿ. ನಿಮ್ಮೂರಿನ ಮಲ್ಲಿಕಾರ್ಜುನ ಮನಸೂರರನ್ನು ಮಾತ್ರ ಮನೆಗೇ ಉಳಿಸಿ. ಜೈಪುರ–ಅತ್ರೌಲಿ ಘರಾಣೆಯ ಜೋಡು ರಾಗಗಳಲ್ಲಿ ಒಂದು ರಾಗದಿಂದ ಇನ್ನೊಂದಕ್ಕೆ ಅವರು ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಹಾರ್ನ್ ಹೊಡೆಯುವ ಹೊತ್ತಿಗೆ ಅದು ಆಗಿಹೋಗಿರುತ್ತದೆ.

ಪ್ರಶ್ನೆ: ಮಗ ಪಿ.ಯು.ಸಿ. ಕಿವಿಗೆ ಹಾಡು ಸಿಕ್ಕಿಸಿಕೊಂಡೇ ಓದುತ್ತಾನೆ. ಮೊಜಾರ್ಟ್ ಕೇಳಿದರೆ ಬುದ್ಧಿ ಹೆಚ್ಚುತ್ತದಂತೆ, ನಿಜವೇ?
(ಓದುಗರೊಬ್ಬರು, ತುಮಕೂರು)

ಉತ್ತರ: 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗ 36 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದದ್ದು. ಪ್ರಶ್ನೆ ಬಿಡಿಸುವ ಮುಂಚೆ ಹತ್ತು ನಿಮಿಷ ಮೊಜಾರ್ಟ್ ಕೇಳಿದವರು ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಡಿಸುವಂಥ ಲೆಕ್ಕದಲ್ಲಿ ಸ್ವಲ್ಪ ಮುಂದಿದ್ದರು, ಅದೂ ಕಾಲು ಗಂಟೆಯೊಳಗೆ ಮಾಯ. ಪರೀಕ್ಷೆಯ ಓದಿಗೂ ಅದಕ್ಕೂ ಸಂಬಂಧವಿಲ್ಲ. ಅರ್ಥವಾಗುವ ಭಾಷೆಯ ಹಾಡು ಓದಿಗೂ ಬರವಣಿಗೆಗೂ ಅಡ್ಡ ಬರುತ್ತದೆ, ಎರಡಕ್ಕೂ ಬೇಕಾದದ್ದು ಮಾತೇ. ರೆಕಾರ್ಡ್ ಬರೆಯುವಾಗ, ಚಿತ್ರ ಬಿಡಿಸುವಾಗ ವೀಣೆ, ಕೊಳಲು ಇರಲಿ; ಬಾಯಿಪಾಠಕ್ಕೆ ಮೌನವೇ ವಾಸಿ. ವಾಲ್ಯೂಮಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಗಂಟೆ ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ರಾತ್ರಿ ಭಜನೆ ಕೇಳುತ್ತ ನಿದ್ದೆ ಹೋಗುವುದು ಸಂಗೀತಕ್ಕೆ ಅವಮಾನವೇ?
(ಓದುಗರೊಬ್ಬರು, ಉಡುಪಿ)

ಉತ್ತರ: ಜೋಗುಳವೂ ಸಂಗೀತವೇ. ಆ್ಯಪ್‌ನಲ್ಲಿ ಸ್ಲೀಪ್ ಟೈಮರ್ 30 ನಿಮಿಷಕ್ಕೆ ಇಡಿ, ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಭಜನೆ ಮುಗಿದ ಮೇಲೆ ಬರುವ ಜಾಹೀರಾತು ಎಬ್ಬಿಸುತ್ತದೆ. ಇಯರ್‌ಫೋನ್ ತೆಗೆದಿಟ್ಟು ಮಲಗಿ.